ಶಿದ್ದಾಫೋನ್: ಬೆಳೆ ಸುಡುವ ಬೇನೆಗೆ ಒಂದು ಹಳೆಯ ಹೆಸರು



ಬೆಳೆಗೆ ಬೇನೆ ಬಂದಾಗ ನಾವು ಮೊಟ್ಟಮೊದಲು ಮಾಡುವ ಕೆಲಸ ಅದಕ್ಕೊಂದು ಹೆಸರು ಹೇಳುವುದು. ಔಷಧದ ಮಾತು ಆಮೇಲೆ. ಹೊಲ ಸುತ್ತಿ ಬಂದವರು ಕಟ್ಟೆಯ ಮೇಲೆ ಕುಳಿತು, "ಗೋಧಿಗೆ ಭಂಡಾರ ಹತ್ತೇತಿ ನೋಡ್ರಿ" ಅನ್ನುತ್ತಾರೆ. ಗದ್ದೆ ಸೀಮೆಯವರು, "ಭತ್ತಕ್ಕೆ ಬೆಂಕಿ ಬಿತ್ತು" ಅನ್ನುತ್ತಾರೆ. ಜೋಳದ ತೆನೆಯಲ್ಲಿ ಕರೀ ಪುಡಿ ಕಂಡರೆ ಕಾಡಿಗೆ, ಎಲೆಯ ಮೇಲೆ ಬಿಳೀ ಪುಡಿ ಕಂಡರೆ ಬೂದಿ, ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರಿದರೆ ಕೊಳೆ. ಭಂಡಾರ, ಬೆಂಕಿ, ಕಾಡಿಗೆ, ಬೂದಿ. ಇವೆಲ್ಲ ನಮ್ಮ ಒಲೆಯ ಮುಂದಿನ, ದೇವರ ಜಗಲಿಯ ಮಾತುಗಳು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದ ಹೆಸರುಗಳು.

ಈ ರೀತಿ ಹೆಸರಿಟ್ಟವರು ನಾವಷ್ಟೇ ಅಲ್ಲ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ, ಇಂದು ಇಸ್ರೇಲ್, ಪ್ಯಾಲೆಸ್ತೀನ್ ಎಂದು ಕರೆಯುವ ನಾಡಿನಲ್ಲಿ ಗೋಧಿ, ಜವೆ ಬಿತ್ತುತ್ತಿದ್ದ ಒಕ್ಕಲು ಮಕ್ಕಳೂ ಹೀಗೆಯೇ ಎರಡು ಹೆಸರು ಇಟ್ಟಿದ್ದರು. ಅವರ ಭಾಷೆ ಹೀಬ್ರೂ. ಒಂದು ಹೆಸರು ಶಿದ್ದಾಫೋನ್, ಇನ್ನೊಂದು ಯೇರಾಕೋನ್. ಕ್ರೈಸ್ತರೂ ಯೆಹೂದ್ಯರೂ ಪವಿತ್ರವೆಂದು ಓದುವ ಬೈಬಲಿನ ಹಳೆಯ ಭಾಗದಲ್ಲಿ ಈ ಎರಡು ಮಾತುಗಳು ಜೋಡೆತ್ತಿನ ಹಾಗೆ ಒಟ್ಟಿಗೇ ಬರುತ್ತವೆ. ಆ ಮಾತುಗಳ ಅರ್ಥವೇನು, ಅವರು ಕಂಡ ಬೇನೆ ಯಾವುದು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಇದರಿಂದ ನಮಗೇನು ಲಾಭ ಅಂತ ನೀವು ಕೇಳಬಹುದು. ಬೇನೆಯ ಹೆಸರು ತಪ್ಪಿದರೆ ಮದ್ದು ತಪ್ಪುತ್ತದೆ. ಮದ್ದು ತಪ್ಪಿದರೆ ರೊಕ್ಕವೂ ಹೋಯಿತು, ಬೆಳೆಯೂ ಹೋಯಿತು. ಲಾಭದ ಮಾತು ಅಲ್ಲಿದೆ.

ಮೊದಲು ಆ ನಾಡಿನ ಹಂಗಾಮು ತಿಳಿದುಕೊಳ್ಳೋಣ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮುಂಗಡ ಮಳೆ. ಅದನ್ನು ಅವರು ಯೋರೆ ಅನ್ನುತ್ತಿದ್ದರು. ಆ ಮಳೆಗೆ ನೆಲ ಹದವಾಗುತ್ತಲೂ ಬಿತ್ತಿಗೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಕಡೆಯ ಮಳೆ. ಅದಕ್ಕೆ ಮಲ್ಕೋಶ್ ಎಂದು ಹೆಸರು. ಆ ಮಳೆ ಬಿದ್ದರೆ ಕಾಳು ತುಂಬಿತು, ಬೀಳದಿದ್ದರೆ ಜೊಳ್ಳಾಯಿತು. ನಮ್ಮ ಹಿಂಗಾರಿ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಜವೆಯ ಕೊಯ್ಲು, ಕೆಲವು ವಾರ ಬಿಟ್ಟು ಗೋಧಿಯ ಕೊಯ್ಲು. ಗೆಜೆರ್ ಎಂಬ ಊರಿನಲ್ಲಿ 1908ರಲ್ಲಿ ಒಂದು ಸಣ್ಣ ಸುಣ್ಣಕಲ್ಲಿನ ಹಲಗೆ ಸಿಕ್ಕಿತು. ಸುಮಾರು ಮೂರು ಸಾವಿರ ವರ್ಷ ಹಳೆಯದು. ಅದರಲ್ಲಿ ಬರೆದಿರುವುದು ಒಕ್ಕಲುತನದ ತಿಂಗಳ ಲೆಕ್ಕ: ಬಿತ್ತಿಗೆಗೆ ಎರಡು ತಿಂಗಳು, ತಡದ ಬಿತ್ತಿಗೆಗೆ ಎರಡು ತಿಂಗಳು, ಜವೆಯ ಕೊಯ್ಲಿಗೆ ಒಂದು ತಿಂಗಳು, ಹೀಗೆ. ರಾಜರ ಯುದ್ಧದ ಮಾತು ಅದರಲ್ಲಿ ಒಂದೂ ಇಲ್ಲ.

ಇನ್ನು ಶಿದ್ದಾಫೋನ್ ಎಂಬ ಮಾತಿಗೆ ಬರೋಣ. ಆ ಭಾಷೆಯಲ್ಲಿ ಹೆಚ್ಚಿನ ಮಾತುಗಳಿಗೆ ಮೂರು ಅಕ್ಷರಗಳ ಬೇರು ಇರುತ್ತದೆ. ಈ ಮಾತಿನ ಬೇರು ಶ, ದ, ಪ. ಅದರ ಅರ್ಥ ಸುಡು, ಕಮರಿಸು, ಬಾಡಿಸು. ಈ ಬೇರಿನ ಮಾತು ಎಲ್ಲರಿಗಿಂತ ಹೆಚ್ಚು ಪರಿಚಿತವಾಗಿರುವುದು ಯೋಸೇಫನ ಕಥೆಯಿಂದ. ಈಜಿಪ್ಟಿನ ಅರಸ ಫರೋಹನಿಗೆ ಕನಸು ಬೀಳುತ್ತದೆ. ಒಂದೇ ದಂಟಿನಲ್ಲಿ ಏಳು ತುಂಬಿದ ತೆನೆ. ಅವುಗಳ ಹಿಂದೆ ಏಳು ಬಡಕಲು ತೆನೆ, ಮೂಡಣ ಗಾಳಿಗೆ ಕಮರಿದವು. ಬಡಕಲು ತೆನೆಗಳು ತುಂಬಿದ ತೆನೆಗಳನ್ನು ನುಂಗಿಬಿಡುತ್ತವೆ. ಏಳು ವರ್ಷ ಸುಗ್ಗಿ, ಏಳು ವರ್ಷ ಬರ ಎಂದು ಯೋಸೇಫ ಅರ್ಥ ಹೇಳುತ್ತಾನೆ. ಸುಗ್ಗಿಯ ವರ್ಷಗಳಲ್ಲಿ ಐದನೆಯ ಒಂದು ಪಾಲು ಧಾನ್ಯ ತೆಗೆದಿಡಲು ಸಲಹೆ ಕೊಡುತ್ತಾನೆ. ಅಲ್ಲಿ "ಕಮರಿದವು" ಎಂಬ ಕಡೆ ಇರುವುದು ಇದೇ ಬೇರಿನ ಮಾತು. ಹಾಗಾಗಿ ಶಿದ್ದಾಫೋನ್ ಅಂದರೆ ಬಿಸಿಗಾಳಿ ಹೊಡೆದು ಬೆಳೆ ಸುಟ್ಟ ಹಾಗಾಗುವುದು ಎಂಬ ಅರ್ಥ ಸಿಗುತ್ತದೆ.

ಆ ಗಾಳಿಗೆ ಅವರು ಕಾದೀಮ್ ಅನ್ನುತ್ತಿದ್ದರು, ಮೂಡಣ ದಿಕ್ಕಿನದು ಎಂದು. ಆ ನಾಡಿನ ಪೂರ್ವಕ್ಕೂ ದಕ್ಷಿಣಕ್ಕೂ ಮರಳುಗಾಡು. ವಸಂತದ ದಿನಗಳಲ್ಲಿ ಒಮ್ಮೊಮ್ಮೆ ಅಲ್ಲಿಂದ ಒಣ ಗಾಳಿ ಏಳುತ್ತದೆ. ಆಕಾಶ ದೂಳಿನಿಂದ ಮಬ್ಬಾಗುತ್ತದೆ, ಗಾಳಿಯ ತೇವವೆಲ್ಲ ಆರಿಹೋಗುತ್ತದೆ, ಬಿಸಿಲು ಒಮ್ಮೆಲೇ ಏರುತ್ತದೆ. ಅದೇ ಹೊತ್ತಿಗೆ ಹೊಲದಲ್ಲಿ ಕಾಳು ಹಾಲುಗಟ್ಟಿರುತ್ತದೆ. ಎಲೆ ಮತ್ತು ತೆನೆ ಬಿಡುವ ನೀರು ಹೆಚ್ಚು, ಬೇರು ಎಳೆದು ಕೊಡುವ ನೀರು ಕಡಿಮೆ. ದಂಟಿನಿಂದ ಕಾಳಿಗೆ ಹೋಗಬೇಕಾದ ಸತ್ವ ನಡುದಾರಿಯಲ್ಲೇ ನಿಲ್ಲುತ್ತದೆ. ಎರಡು ಮೂರು ದಿನ ಅಂಥ ಗಾಳಿ ಬೀಸಿದರೆ ಸಾಕು, ಹಾಲುಗಾಳು ಸುಕ್ಕುಗಟ್ಟಿ ಜೊಳ್ಳಾಗುತ್ತದೆ. ದೂರದಿಂದ ನೋಡಿದರೆ ಬೆಳೆ ಹಣ್ಣಾಯಿತೇನೋ ಅನ್ನಿಸುತ್ತದೆ. ತೆನೆ ತಿಕ್ಕಿ ಅಂಗೈಗೆ ಹಾಕಿಕೊಂಡಾಗ ನಿಜ ಗೊತ್ತಾಗುತ್ತದೆ.

ಇದು ಆ ನಾಡಿಗೆ ಮಾತ್ರ ಬಂದ ಕಷ್ಟವಲ್ಲ. ನಮ್ಮ ಹಿಂಗಾರಿ ಗೋಧಿ ತಡವಾಗಿ ಬಿತ್ತಿದ್ದಾದರೆ, ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಳು ತುಂಬುವಾಗ ಬಿಸಿಲಿಗೆ ಸಿಕ್ಕು ಇದೇ ಗತಿಯಾಗುತ್ತದೆ. ಉಷ್ಣತೆ 30 ಡಿಗ್ರಿ ಸೆಂಟಿಗ್ರೇಡ್ ದಾಟಿ ಏರುತ್ತ ಹೋದಂತೆ ಕಾಳು ತುಂಬುವ ಅವಧಿ ಕುಗ್ಗುತ್ತದೆ, ಕಾಳಿನ ತೂಕ ಇಳಿಯುತ್ತದೆ.

ಎರಡನೆಯ ಮಾತು ಯೇರಾಕೋನ್. ಇದರ ಬೇರಿನ ಅರ್ಥ ಹಸಿರು. ಅದೇ ಬೇರಿನಿಂದ ಕಾಯಿಪಲ್ಯಕ್ಕೂ ಹೆಸರು ಬಂದಿದೆ. ಹಸಿರು ಅನ್ನುವ ಮಾತು ಬೇನೆಗೆ ಹೇಗೆ ಹೆಸರಾಯಿತು? ಆ ಕಾಲದವರ ಕಣ್ಣಿಗೆ ಎಳೆಹಸಿರು, ಹಳದಿ ಹಸಿರು, ಬಿಳಿಚಿದ ಹಳದಿ ಎಲ್ಲ ಒಂದೇ ಬಣ್ಣದ ಸಾಲಿಗೆ ಸೇರಿದ್ದವು. ಯೆರೆಮೀಯ ಎಂಬ ಪ್ರವಾದಿಯ ಗ್ರಂಥದಲ್ಲಿ ಒಂದು ಕಡೆ ಇದೇ ಮಾತು ಮನುಷ್ಯರ ಮುಖಕ್ಕೆ ಬಂದಿದೆ. ಭಯದಿಂದ ರಕ್ತ ಇಳಿದು ಬಿಳಿಚಿದ ಮುಖದ ವರ್ಣನೆ ಅದು. ಅಂದ ಮೇಲೆ ಯೇರಾಕೋನ್ ಎಂದರೆ ಬೆಳೆಯ ಮುಖ ಬಿಳಿಚುವುದು, ಹಸಿರು ಇಳಿದು ಹಳದಿಗೆ ತಿರುಗುವುದು.

ಇಲ್ಲಿ ಒಂದು ಸ್ವಾರಸ್ಯ ಕೇಳಿರಿ. ಹೀಬ್ರೂವಿನ ದಾಯಾದಿ ಭಾಷೆ ಅರಬ್ಬಿ. ಅರಬ್ಬಿಯಲ್ಲಿ ಯರಕಾನ್ ಎಂಬ ಮಾತು ಉಂಟು. ಅದಕ್ಕೆ ಎರಡು ಅರ್ಥ: ಬೆಳೆಗೆ ಬರುವ ಒಂದು ಬೇನೆ, ಮನುಷ್ಯನಿಗೆ ಬರುವ ಕಾಮಾಲೆ. ಆ ಮಾತು ಅರಬ್ಬಿಯಿಂದ ಉರ್ದುವಿಗೆ ಬಂದು, ನಮ್ಮ ಊರುಗಳ ಉರ್ದು ಮಾತಾಡುವ ಮನೆಗಳಲ್ಲೂ ಯುನಾನಿ ಹಕೀಮರ ಬಾಯಲ್ಲೂ ಇಂದಿಗೂ ಕಾಮಾಲೆಯ ಹೆಸರಾಗಿ ಉಳಿದಿದೆ. ಬೈಬಲಿನ ಹೊಲದ ಬೇನೆಯ ಹೆಸರಿನ ನಂಟು ಹೀಗೆ ನಮ್ಮ ಓಣಿಯವರೆಗೂ ಬಂದಿದೆ. ನಾವೂ ಕಾಮಾಲೆಗೆ ಅರಿಸಿನ ಕಾಮಾಲೆ ಅನ್ನುತ್ತೇವೆ. ಗೋಧಿಯ ತುಕ್ಕಿಗೆ ಭಂಡಾರ ಅನ್ನುತ್ತೇವೆ. ಭಂಡಾರವೂ ಅರಿಸಿನವೇ ಅಲ್ಲವೆ? ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ರೈತರು ಮನುಷ್ಯನ ಹಳದಿ ಬೇನೆಯನ್ನೂ ಪೈರಿನ ಹಳದಿ ಬೇನೆಯನ್ನೂ ಒಂದೇ ಬಣ್ಣದಿಂದ ಗುರುತಿಸಿದ್ದಾರೆ.

ಈ ಗ್ರಂಥವನ್ನು ಬೇರೆ ಭಾಷೆಗೆ ತಂದವರು ಈ ಎರಡು ಮಾತುಗಳಿಗೆ ಏನು ಮಾಡಿದರು? ಕ್ರಿಸ್ತಪೂರ್ವದಲ್ಲೇ ಗ್ರೀಕಿಗೆ ತಂದವರು ಮೊದಲ ಮಾತಿಗೆ ಒಂದು ಕಡೆ "ಗಾಳಿಯ ಹಾಳು" ಎಂಬ ಅರ್ಥದ ಮಾತು ಹಾಕಿದರು, ಇನ್ನೊಂದು ಕಡೆ "ಸುಡುವಿಕೆ" ಎಂಬ ಮಾತು ಹಾಕಿದರು. ಎರಡನೆಯದಕ್ಕೆ ಒಂದು ಕಡೆ ಬಿಳಿಚುವಿಕೆ, ಇನ್ನೊಂದು ಕಡೆ ನೇರವಾಗಿ ಕಾಮಾಲೆಯ ಹೆಸರನ್ನೇ ಹಾಕಿದರು. ಲ್ಯಾಟಿನ್ ಭಾಷೆಗೆ ತಂದವರು "ಸುಡುವ ಗಾಳಿ" ಅಂದರು. ಎರಡನೆಯದಕ್ಕೆ ಚಿನ್ನದ ಬಣ್ಣದಿಂದ ಹುಟ್ಟಿದ, ಕಾಮಾಲೆಗೂ ಬೆಳೆಯ ಬೇನೆಗೂ ಸಲ್ಲುವ ಮಾತು ಹಾಕಿದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಬ್ಲಾಸ್ಟಿಂಗ್ ಮತ್ತು ಮಿಲ್‌ಡ್ಯೂ ಎಂದು ಬಂತು. ಮಿಲ್‌ಡ್ಯೂ ಅಂದರೆ ಇಂದು ಬೂದಿ ರೋಗದ ಜಾತಿಯವು. ಮೂಲದಲ್ಲಿ ಆ ಇಂಗ್ಲಿಷ್ ಮಾತಿನ ಅರ್ಥ ಜೇನಿಬ್ಬನಿ! ಒಂದು ಭಾಷೆಯ ಹಳದಿ ಇನ್ನೊಂದು ಭಾಷೆಗೆ ಹೋಗಿ ಇಬ್ಬನಿಯಾಯಿತು. ಆದುದರಿಂದ ಭಾಷಾಂತರದಲ್ಲಿರುವ ರೋಗದ ಹೆಸರು ಹಿಡಿದು, ಆ ಕಾಲದ ಬೇನೆ ಇಂಥದೇ ಎಂದು ತೀರ್ಮಾನಿಸಬಾರದು.

ಹಾಗಾದರೆ ಯೇರಾಕೋನ್ ಎಂಬುದು ನಮ್ಮ ಭಂಡಾರವೇ, ಅಂದರೆ ತುಕ್ಕು ರೋಗವೇ? ಪಂಡಿತರಲ್ಲಿ ಹಲವರು ಹೌದು ಅನ್ನುತ್ತಾರೆ. ನೀರಿನ ಕೊರತೆಯಿಂದಲೋ ಬೇರಿನ ತೊಂದರೆಯಿಂದಲೋ ಬರುವ ಬರಿಯ ಹಳದಿ ಎಂದು ಇನ್ನು ಕೆಲವರು ಅನ್ನುತ್ತಾರೆ. ಮಾತಿನಲ್ಲಿ ಇರುವುದು ಬಣ್ಣ ಒಂದೇ, ಕಾರಣ ಇಲ್ಲ. ಆದರೆ ತುಕ್ಕು ಆ ನಾಡಿನ ಗೋಧಿಯಲ್ಲಿ ಆ ಕಾಲಕ್ಕೇ ಇತ್ತು ಎಂಬುದಕ್ಕೆ ಗಟ್ಟಿಯಾದ ಸಾಕ್ಷಿ ಇದೆ. ಜೆರುಸಲೇಮಿನ ಪಶ್ಚಿಮಕ್ಕೆ ತೆಲ್ ಬಾತಾಶ್ ಎಂಬ ದಿಬ್ಬವಿದೆ. ಸಂಸೋನನ ಕಥೆಯಲ್ಲಿ ಬರುವ ತಿಮ್ನಾ ಎಂಬ ಊರು ಇದೇ ಎಂದು ಗುರುತಿಸಿದ್ದಾರೆ. ಅಲ್ಲಿ ಅಗೆದಾಗ ಧಾನ್ಯ ತುಂಬಿಡುವ ಒಂದು ಹಳೆಯ ಗುಡಾಣ ಸಿಕ್ಕಿತು. ಅದರಲ್ಲಿದ್ದ ಗೋಧಿಯ ಹೊಟ್ಟಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾಂಡದ ತುಕ್ಕಿನ ಬೀಜಕಣಗಳು ಕಂಡವು. ಸಸ್ಯವಿಜ್ಞಾನಿ ಮೊರ್ದೆಖಾಯ್ ಕಿಸ್ಲೆವ್ 1982ರಲ್ಲಿ ಇದನ್ನು ಪ್ರಕಟಿಸಿದರು. ಆ ಗೋಧಿಯ ವಯಸ್ಸು ಸುಮಾರು 3,300 ವರ್ಷ. ಯಾವ ತಾಯಿ ಆ ಗುಡಾಣಕ್ಕೆ ಕಾಳು ತುಂಬಿದಳೋ, ಆಕೆಯ ಕೈಗೂ ಆ ಕೆಂಪು ಪುಡಿ ಹತ್ತಿರಬೇಕು.

ಬೈಬಲಿನಲ್ಲಿ ಈ ಜೋಡಿ ಮಾತುಗಳು ಐದು ಕಡೆ ಬರುತ್ತವೆ. ಧರ್ಮೋಪದೇಶಕಾಂಡದಲ್ಲಿ ದೇವರ ಮಾತು ಮೀರಿದವರಿಗೆ ಬರುವ ಕಷ್ಟಗಳ ಪಟ್ಟಿಯಿದೆ. ಅದರಲ್ಲಿ ಮನುಷ್ಯನಿಗೆ ಬರುವ ಕ್ಷಯ, ಜ್ವರಗಳ ಸಾಲಿನಲ್ಲೇ ಬೆಳೆಯ ಈ ಎರಡು ಬೇನೆಗಳನ್ನೂ ಎಣಿಸಿದ್ದಾರೆ. ಮಗುವಿಗೆ ಜ್ವರ ಬಂದರೂ ಗೋಧಿಗೆ ಬೇನೆ ಬಂದರೂ ಒಕ್ಕಲು ಮನೆಗೆ ಸಂಕಟ ಒಂದೇ ತೂಕದ್ದು. ಸೊಲೊಮೋನ ಅರಸನು ದೇವಾಲಯ ಕಟ್ಟಿಸಿ ಮಾಡಿದ ಪ್ರಾರ್ಥನೆಯಲ್ಲಿ ಮತ್ತೆ ಈ ಮಾತುಗಳು. ಅದು ಎರಡು ಗ್ರಂಥಗಳಲ್ಲಿ ಬಂದಿದೆ. ಬರ, ಬೇನೆ, ಮಿಡತೆ ಬಂದಾಗ ಜನ ಈ ಕಡೆ ಕೈಯೆತ್ತಿ ಬೇಡಿದರೆ ಕೇಳು ಎಂಬುದು ಆ ಪ್ರಾರ್ಥನೆ. ಆಮೋಸ ಎಂಬ ಪ್ರವಾದಿ ಸ್ವತಃ ಕುರಿ ಕಾಯುವವನು, ಅತ್ತಿಯ ಜಾತಿಯ ಮರಗಳನ್ನು ನೋಡಿಕೊಳ್ಳುತ್ತಿದ್ದವನು. ಅವನು ಉಳ್ಳವರು ಬಡವರನ್ನು ತುಳಿಯುವುದನ್ನು ಖಂಡಿಸುತ್ತ ಈ ಬೇನೆಗಳ ಮಾತೆತ್ತುತ್ತಾನೆ. ಕ್ರಿಸ್ತಪೂರ್ವ 520ರ ಹಗ್ಗಾಯ ಎಂಬ ಪ್ರವಾದಿಯದು ಅಪ್ಪಟ ಕಣದ ಲೆಕ್ಕ: ಇಪ್ಪತ್ತು ಅಳತೆ ಸಿಗಬೇಕೆಂದು ರಾಶಿಯ ಹತ್ತಿರ ಬಂದರೆ ಹತ್ತೇ ಅಳತೆ. ಅರ್ಧಕ್ಕರ್ಧ ಹೋಯಿತು. ಅದಕ್ಕೆ ಕಾರಣ ಹೇಳುವಾಗ ಅವನು ಈ ಎರಡು ಹೆಸರಿನ ಜೊತೆಗೆ ಆನೆಕಲ್ಲನ್ನೂ ಹೇಳುತ್ತಾನೆ.

ಬೇನೆಯನ್ನು ದೇವರ ಶಿಕ್ಷೆ ಎಂದು ಕಂಡವರು ಅವರೊಬ್ಬರೇ ಅಲ್ಲ. ಪ್ರಾಚೀನ ರೋಮಿನವರು ತುಕ್ಕಿಗೆ ರೋಬಿಗಸ್ ಎಂಬ ದೇವತೆಯನ್ನೇ ಕಲ್ಪಿಸಿ, ಪ್ರತಿವರ್ಷ ಏಪ್ರಿಲ್ 25ರಂದು ನಾಯಿಯನ್ನು ಬಲಿಕೊಟ್ಟು ಗೋಧಿಯನ್ನು ಕಾಯೆಂದು ಬೇಡುತ್ತಿದ್ದರು. ಆದರೆ ಬೇಡಿಕೊಂಡು ಸುಮ್ಮನೆ ಕುಳಿತವರೇ ಎಲ್ಲರೂ ಎಂದು ತಿಳಿಯಬೇಡಿರಿ. ಗ್ರೀಸಿನ ಥಿಯೋಫ್ರಾಸ್ಟಸ್ ಎಂಬ ಪಂಡಿತ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ: ಗಾಳಿಯಾಡುವ ಎತ್ತರದ ಹೊಲಕ್ಕೆ ತುಕ್ಕು ಕಡಿಮೆ, ತಗ್ಗಿನ, ಗಾಳಿಯಾಡದ ಹೊಲಕ್ಕೆ ಹೆಚ್ಚು. ಇದು ಇಂದಿಗೂ ಸುಳ್ಳಾಗಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಯೆಹೂದ್ಯರ ಕಟ್ಟಳೆಗಳ ಗ್ರಂಥ. ಅದರ ಹೆಸರು ಮಿಶ್ನಾ. ಕ್ರಿಸ್ತಶಕ 200ರ ಸುಮಾರಿಗೆ ಒಟ್ಟುಗೂಡಿದ್ದು. ಅದರಲ್ಲಿ ಈ ಶಿದ್ದಾಫೋನ್ ಕುರಿತು ಎರಡು ಕಟ್ಟಳೆಗಳಿವೆ. ಎರಡೂ ರೈತನ ಮನೆ ಬಾಗಿಲಿಗೆ ಬರುವಂಥವು.

ಒಂದನೆಯದು ಎಚ್ಚರಿಕೆಯ ಮಾತು. ಕೆಲವು ಆಪತ್ತುಗಳು ಒಂದು ಊರಿಗೆ ಬಂದರೆ ಆ ಊರಿನವರು ಕೂಗೆಬ್ಬಿಸಿ ಪ್ರಾರ್ಥಿಸಿದರೆ ಸಾಕು. ಶಿದ್ದಾಫೋನ್, ಯೇರಾಕೋನ್, ಮಿಡತೆ ಇವು ಎಲ್ಲಿ ಕಂಡರೂ ಎಲ್ಲ ಊರುಗಳಲ್ಲೂ ಕೂಗೆಬ್ಬಿಸಬೇಕು. ಕಾರಣವನ್ನೂ ಹೇಳಿದ್ದಾರೆ: ಅದು ನಡೆದಾಡುವ ಪಿಡುಗು. ಇವತ್ತು ಅಲ್ಲಿ, ನಾಳೆ ಇಲ್ಲಿ. ಇದಕ್ಕೊಂದು ಸಂಗತಿಯನ್ನೂ ಸೇರಿಸಿದ್ದಾರೆ. ಅಷ್ಕೆಲೋನ್ ಎಂಬುದು ಕಡಲ ದಂಡೆಯ ಊರು, ಜೆರುಸಲೇಮಿಗೆ ಸುಮಾರು 60 ಕಿಲೋಮೀಟರು. ಅಲ್ಲಿ ಶಿದ್ದಾಫೋನ್ ಕಾಣಿಸಿತು. ಎಷ್ಟು? ರೊಟ್ಟಿ ಸುಡುವ ಒಲೆಯ ಬಾಯಿ ತುಂಬುವಷ್ಟು. ಅಷ್ಟಕ್ಕೇ ಹಿರಿಯರು ಜೆರುಸಲೇಮಿನಿಂದ ತಮ್ಮ ತಮ್ಮ ಊರುಗಳಿಗೆ ಇಳಿದುಹೋಗಿ ಉಪವಾಸ ಸಾರಿದರು. ಒಲೆಯ ಬಾಯಿ ಅಂದರೆ ಕಾಳಿನ ಲೆಕ್ಕವೋ ರೊಟ್ಟಿಯ ಲೆಕ್ಕವೋ ಎಂದು ಆಮೇಲಿನ ಪಂಡಿತರು ಚರ್ಚೆ ಮಾಡಿದರು. ಕಾಳಿರಲಿ, ರೊಟ್ಟಿಯಿರಲಿ, ಅಳತೆ ಚಿಕ್ಕದು. ಚಿಕ್ಕದಿದ್ದಾಗಲೇ ಎದ್ದರು ಎಂಬುದು ಇಲ್ಲಿಯ ತಿರುಳು. ಕಡಲ ದಂಡೆಯವರ ಹೊಲದ ಮೂಲೆಯಲ್ಲಿ ಆದದ್ದು ನಮಗೇಕೆ ಎಂದು ಗುಡ್ಡದ ಮೇಲಿನವರು ಅನ್ನಲಿಲ್ಲ.

ಎರಡನೆಯ ಕಟ್ಟಳೆ ಲಾವಣಿಯದು. ಒಬ್ಬನ ಹೊಲವನ್ನು ಇನ್ನೊಬ್ಬ ಲಾವಣಿಗೆ ಹಿಡಿದಿದ್ದಾನೆ. ಬೆಳೆಯನ್ನು ಮಿಡತೆ ತಿಂದಿತು, ಇಲ್ಲವೆ ಶಿದ್ದಾಫೋನ್ ಹೊಡೆಯಿತು. ಲಾವಣಿಯಲ್ಲಿ ಸೋಡಿ ಬಿಡಬೇಕೆ, ಬೇಡವೆ? ಅವರ ತೀರ್ಪು: ಆ ಪಿಡುಗು ಸೀಮೆಗೆಲ್ಲ ಬಂದದ್ದಾದರೆ ಸೋಡಿ ಬಿಡಬೇಕು, ಆ ಒಂದೇ ಹೊಲಕ್ಕೆ ಬಂದದ್ದಾದರೆ ಬಿಡಬೇಕಾಗಿಲ್ಲ. ಯೆಹೂದ ಎಂಬ ಗುರು ಇನ್ನೊಂದು ಮಾತು ಸೇರಿಸಿದ: ರೊಕ್ಕದ ಲಾವಣಿಯಾದರೆ ಹೇಗಿದ್ದರೂ ಸೋಡಿ ಇಲ್ಲ. ಕಾಳಿನ ಲಾವಣಿಗೂ ರೊಕ್ಕದ ಲಾವಣಿಗೂ ಇರುವ ಈ ಜಗಳ ನಮ್ಮಲ್ಲೂ ಅಜ್ಜಂದಿರ ಕಾಲದಿಂದ ಕೇಳಿದ್ದೇ. ಈಗಿನ ಬೆಳೆ ವಿಮೆಯಲ್ಲೂ ಒಬ್ಬರ ಹೊಲಕ್ಕಿಂತ ಇಡೀ ಪ್ರದೇಶದ ಇಳುವರಿ ಎಷ್ಟು ಕುಸಿಯಿತು ಎಂಬುದರ ಮೇಲೆ ಪರಿಹಾರ ಕಟ್ಟುವ ಕ್ರಮವಿದೆ. ಬೇನೆಗೆ ಸರಿಯಾದ ಹೆಸರು ಹೇಳುವುದು, ಅದು ಎಷ್ಟು ದೂರ ಹಬ್ಬಿದೆ ಎಂದು ನೋಡುವುದು ಬರಿಯ ಪಂಡಿತರ ಕೆಲಸವಲ್ಲ. ಒಂದು ಮನೆಯವರು ಆ ವರ್ಷ ಉಣ್ಣುತ್ತಾರೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿತ್ತು.

ಈಗ ನಮ್ಮ ಕಾಲದ ತಿಳಿವಳಿಕೆಗೆ ಬರೋಣ. ತುಕ್ಕು ಎಂಬುದು ಶಾಪವೂ ಅಲ್ಲ, ಗಾಳಿಯ ಉರಿಯೂ ಅಲ್ಲ. ಗೋಧಿಯ ಮೈಮೇಲೆ ಬದುಕುವ ಒಂದು ಬೂಷ್ಟು. ಇಟಲಿಯಲ್ಲಿ ಫೊಂಟಾನಾ ಮತ್ತು ಟೊಝೆಟ್ಟಿ ಎಂಬಿಬ್ಬರು ಬೇರೆ ಬೇರೆಯಾಗಿ 1767ರಲ್ಲಿ ಇದನ್ನು ಬರೆದು ತೋರಿಸಿದರು. ಆ ಕೆಂಪು ಪುಡಿಯ ಒಂದೊಂದು ಕಣವೂ ಒಂದೊಂದು ಬೀಜವಿದ್ದ ಹಾಗೆ. ಗಾಳಿಯಲ್ಲಿ ನೂರಾರು ಕಿಲೋಮೀಟರು ಹಾರಬಲ್ಲದು. ರಾತ್ರಿಯ ಇಬ್ಬನಿ ಎಲೆಯ ಮೇಲೆ ಕೆಲವು ತಾಸು ನಿಂತರೆ ಮೊಳೆಯುತ್ತದೆ. ಎರಡು ವಾರದೊಳಗೆ ಹೊಸ ಗುಳ್ಳೆ ಎದ್ದು ಮತ್ತೆ ಸಾವಿರಾರು ಕಣ ಹೊರಬೀಳುತ್ತವೆ. ಮಿಶ್ನಾದವರು ನಡೆದಾಡುವ ಪಿಡುಗು ಅಂದರಲ್ಲ, ಇದು ನಿಜಕ್ಕೂ ಹಾರಾಡುವ ಪಿಡುಗು.

ನಮ್ಮ ದೇಶದಲ್ಲಿ ಇದರ ದಾರಿಯನ್ನು ಹುಡುಕಿದವರು ಆಗ್ರಾ ಕಾಲೇಜಿನ ಪ್ರಾಧ್ಯಾಪಕ ಕರಮ್‌ಚಂದ್ ಮೆಹ್ತಾ. ಬಯಲು ಸೀಮೆಯ ಬೇಸಿಗೆಯಲ್ಲಿ ತುಕ್ಕು ಬದುಕಿ ಉಳಿಯಲಾರದು. ಹಾಗಾದರೆ ಮರುವರ್ಷ ಎಲ್ಲಿಂದ ಬರುತ್ತದೆ ಎಂಬುದು ಅವರ ಪ್ರಶ್ನೆ. ವರ್ಷಾನುಗಟ್ಟಲೆ ಶೋಧಿಸಿ, ತಂಪಿರುವ ಗುಡ್ಡಗಾಡಿನಲ್ಲಿ ಅದು ಬೇಸಿಗೆ ಕಳೆದು ಅಲ್ಲಿಂದ ಬಯಲಿಗೆ ಇಳಿಯುತ್ತದೆ ಎಂದು ತೋರಿಸಿದರು. ನಮ್ಮ ಕಡೆಯ ಕಾಂಡದ ತುಕ್ಕಿಗೆ ಆ ತವರು ನೀಲಗಿರಿ ಮತ್ತು ಪಳನಿ ಬೆಟ್ಟ. ನವೆಂಬರಿನ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳ ಗಾಳಿ ಆ ಕಣಗಳನ್ನು ಹೊತ್ತು ತಂದು ಕರ್ನಾಟಕದ ಗೋಧಿಯ ಮೇಲೆ ಮಳೆಯ ಜೊತೆ ಇಳಿಸಬಹುದು. ಮುಂದೆ ಮಧ್ಯ ಭಾರತಕ್ಕೂ ಒಯ್ಯಬಹುದು. ಅಷ್ಕೆಲೋನಿನ ಸುದ್ದಿ ಜೆರುಸಲೇಮಿಗೆ ಏಕೆ ಬೇಕಿತ್ತು ಎಂಬುದು ಈಗ ತಿಳಿಯಿತಲ್ಲವೆ? ನೀಲಗಿರಿಯ ಸುದ್ದಿ ಧಾರವಾಡಕ್ಕೆ ಬೇಕು, ಧಾರವಾಡದ ಸುದ್ದಿ ನರ್ಮದೆಯ ದಂಡೆಗೆ ಬೇಕು. 1999ರಲ್ಲಿ ಆಫ್ರಿಕದ ಉಗಾಂಡದಲ್ಲಿ ಗುರುತಿಸಿದ ಕಾಂಡದ ತುಕ್ಕಿನ ಹೊಸ ತಳಿಯೊಂದು ಕೀನ್ಯಾ, ಇಥಿಯೋಪಿಯಾ, ಯೆಮೆನ್ ದಾಟಿ 2007ರ ಹೊತ್ತಿಗೆ ಇರಾನಿನವರೆಗೂ ಬಂದಾಗ ಲೋಕದ ವಿಜ್ಞಾನಿಗಳೆಲ್ಲ ಕೂಗೆಬ್ಬಿಸಿದ್ದು ಇದಕ್ಕಾಗಿಯೇ.

ನಮ್ಮ ಉತ್ತರ ಕರ್ನಾಟಕದ ರೈತರಿಗೆ ಹೆಮ್ಮೆಯ ಒಂದು ಸಂಗತಿಯೂ ಇದರಲ್ಲಿದೆ. ನಾವು ಸದಕ ಅನ್ನುವ, ಮರಾಠಿ ಕಡೆಯವರು ಖಪ್ಲಿ ಅನ್ನುವ ಗೋಧಿ ಗೊತ್ತಲ್ಲ? ಹುಗ್ಗಿಗೆ, ಮಾದೇಲಿಗೆ ಅದೇ ಬೇಕು ಅನ್ನುತ್ತಾರೆ. ಆ ಜಾತಿಯ ಗೋಧಿ ಹಳೆಯ ಈಜಿಪ್ಟಿನಲ್ಲೂ ಬೈಬಲಿನ ನಾಡಿನಲ್ಲೂ ಬೆಳೆಯುತ್ತಿತ್ತು. ಅದರ ಕಾಡುಮೂಲವನ್ನು ಆರನ್ ಆರನ್‌ಸನ್ ಎಂಬ ಕೃಷಿವಿಜ್ಞಾನಿ 1906ರಲ್ಲಿ ಗಲಿಲಾಯದ ಗುಡ್ಡದಲ್ಲಿ ಕಂಡುಹಿಡಿದರು. ಅಮೆರಿಕದ ಸ್ಟಾಕ್‌ಮನ್ ಮತ್ತು ಸಂಗಡಿಗರು ಕಾಂಡದ ತುಕ್ಕಿನ ತಳಿಗಳನ್ನು ಒರೆಹಚ್ಚಿ ನೋಡಲು ಆರಿಸಿಕೊಂಡ ಹನ್ನೆರಡು ಗೋಧಿಗಳಲ್ಲಿ ನಮ್ಮ ಖಪ್ಲಿಯೂ ಒಂದು. ತುಕ್ಕಿಗೆ ಸುಲಭವಾಗಿ ಬಗ್ಗದ ಗುಣ ಅದರಲ್ಲಿತ್ತು. ಅಜ್ಜಿಯರು ಗುಡಾಣದಲ್ಲಿ ಜೋಪಾನ ಮಾಡಿದ ಬೀಜ ಲೋಕಕ್ಕೇ ಉಪಯೋಗಕ್ಕೆ ಬಂತು.

ಈಗ ಕೆಲಸದ ಮಾತು. ಹೊಲದಲ್ಲಿ ಗೋಧಿ ಹಳದಿಯಾಗಿದೆ, ಸುಟ್ಟಂತೆ ಕಾಣುತ್ತಿದೆ. ಇದು ಗಾಳಿಯ ಬೇನೆಯೋ, ಬೂಷ್ಟಿನ ಬೇನೆಯೋ? ರಾಶಿ ಮಾಡುವಾಗ ಎರಡರಲ್ಲೂ ಸಿಗುವುದು ಸುಕ್ಕು ಕಾಳೇ. ಹಳೆಯ ಕಾಲದವರು ಎರಡನ್ನೂ ಜೋಡಿಸಿ ಹೇಳಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಬೆಳೆ ನಿಂತಿರುವಾಗ ಗುರುತು ಹಿಡಿಯಬಹುದು.

ಬಿಳಿಯ ಅರಿವೆಯಿಂದ ಎಲೆಯನ್ನೂ ದಂಟನ್ನೂ ಒರೆಸಿರಿ. ಅರಿವೆಗೆ ಕಿತ್ತಳೆ ಇಲ್ಲವೆ ಇಟ್ಟಿಗೆ ಬಣ್ಣದ ಪುಡಿ ಹತ್ತಿದರೆ ಅದು ತುಕ್ಕು. ಎಲೆಯ ಮೇಲೆ ಚಿಕ್ಕ ದುಂಡು ಗುಳ್ಳೆಯಾದರೆ ಎಲೆಯ ತುಕ್ಕು. ದಂಟಿನ ಮೇಲೆ ಉದ್ದನೆಯ, ಸಿಪ್ಪೆ ಒಡೆದ ಗುಳ್ಳೆಯಾದರೆ ಕಾಂಡದ ತುಕ್ಕು. ಪುಡಿ ಹತ್ತದೆ ಎಲೆಯ ತುದಿ, ತೆನೆಯ ಮುಳ್ಳು ಒಣಗಿ ಬೆಳ್ಳಗಾಗಿದ್ದರೆ ಬಿಸಿಗಾಳಿಯ ಹೊಡೆತವೆಂದು ಮೊದಲು ಶಂಕಿಸಿರಿ. ತುಕ್ಕು ಸಾಮಾನ್ಯವಾಗಿ ತಗ್ಗಿನ, ದಟ್ಟವಾದ, ತೇವ ನಿಲ್ಲುವ ಕಡೆ ಸಣ್ಣದಾಗಿ ಶುರುವಾಗಿ ಹಬ್ಬುತ್ತದೆ. ಬಿಸಿಗಾಳಿ ಎರಡು ಮೂರು ದಿನದಲ್ಲೇ ಹೊಲದ ತುಂಬ ಕಾಣುತ್ತದೆ; ತೆಳುಮಣ್ಣಿನ ಭಾಗಕ್ಕೆ ಏಟು ಹೆಚ್ಚು.

ಹೆಸರು ನಂಬಿ ಮೋಸಹೋಗಬೇಡಿರಿ. ಭತ್ತದ ಬೆಂಕಿ ರೋಗವನ್ನೇ ನೋಡಿರಿ. ಹೆಸರು ಬೆಂಕಿ, ಆದರೆ ಅದನ್ನು ತರುವುದು ಬೂಷ್ಟು. ಅದು ಬೆಳೆಯುವುದು ಬಿಸಿಲಿನಿಂದಲ್ಲ. ತಂಪು ರಾತ್ರಿ, ಇಬ್ಬನಿ, ಮಿತಿಮೀರಿದ ಯೂರಿಯದಿಂದ. ಬೆಂಕಿ ಎಂದು ತಿಳಿದು ಬರಿಯ ನೀರು ಬಿಟ್ಟರೆ ಬೇನೆ ನಿಲ್ಲುವುದಿಲ್ಲ.

ಬಿಸಿಗಾಳಿಯ ಬೇನೆಗೆ ಸಿಂಪಡಿಸುವ ಮದ್ದಿಲ್ಲ. ಅದಕ್ಕೆ ಮೊದಲೇ ಹಾದಿ ನೋಡಬೇಕು. ಹಂಗಾಮು ಮೀರದಂತೆ ಬಿತ್ತಿದರೆ ಬಿಸಿಲು ಏರುವ ಮೊದಲೇ ಕಾಳು ತುಂಬುತ್ತದೆ. ನೀರಿನ ಅನುಕೂಲವಿದ್ದವರು ಕಾಳು ಹಾಲುಗಟ್ಟುವಾಗ ಗಾಳಿ ಇಲ್ಲದ ಸಂಜೆ ತೆಳುವಾಗಿ ನೀರು ಕೊಡಿರಿ. ಗಾಳಿಯಲ್ಲಿ ಕೊಟ್ಟರೆ ಬೆಳೆ ಮಲಗೀತು. ಗಾಳಿ ಬರುವ ಕಡೆಯ ಬದುವಿನಲ್ಲಿ ಗಿಡಮರ ಬೆಳೆಸಿದರೆ ವರ್ಷ ಕಳೆದಂತೆ ಫಲ ಕಾಣುತ್ತದೆ.

ತುಕ್ಕಿಗೆ ಮೊದಲ ಮದ್ದು ಬೀಜ. ನಿಮ್ಮ ಸೀಮೆಗೆ ಶಿಫಾರಸಾದ, ತುಕ್ಕು ತಡೆಯುವ ತಳಿ ಯಾವುದೆಂದು ಬಿತ್ತುವ ಮೊದಲೇ ಕೇಳಿ ತಿಳಿಯಿರಿ. ಒಮ್ಮೆ ತಡೆದ ತಳಿ ಸದಾಕಾಲ ತಡೆಯುತ್ತದೆ ಎಂಬ ಭರವಸೆ ಇಲ್ಲ, ಏಕೆಂದರೆ ಬೂಷ್ಟೂ ಹೊಸ ತಳಿ ಹುಟ್ಟಿಸುತ್ತದೆ. ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ವಿಚಾರಿಸುತ್ತಿರಿ. ಯೂರಿಯ ಹೇಳಿದಷ್ಟೇ ಹಾಕಿರಿ. ತಾನಾಗಿ ಮೊಳೆತ ಗೋಧಿ ಗಿಡ ಹೊಲದಲ್ಲಿ ಬಿಡಬೇಡಿರಿ. ಹೊಲದಲ್ಲಿ ಪುಡಿ ಕಂಡ ದಿನವೇ ಒಂದೆರಡು ಎಲೆ ಕಾಗದದಲ್ಲಿ ಸುತ್ತಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ, ಅವರು ಹೇಳಿದ ಔಷಧವನ್ನು ಹೇಳಿದ ಅಳತೆಯಲ್ಲಿ ಸಿಂಪಡಿಸಿರಿ. ಪಕ್ಕದ ಹೊಲದವರಿಗೂ ಹೇಳಿರಿ. ನನ್ನ ಹೊಲದಲ್ಲಿ ಬೇನೆ ಬಂದದ್ದು ಊರಿಗೆ ಗೊತ್ತಾದರೆ ಮಾನ ಹೋದೀತು ಎಂದು ಮುಚ್ಚಿಡಬೇಡಿರಿ. ಬೇನೆ ಯಾರ ಪಾಪವನ್ನೂ ನೋಡಿ ಬರುವುದಿಲ್ಲ. ಗಾಳಿ ಬಂದ ಕಡೆ ಬರುತ್ತದೆ.

ತಾಯಂದಿರಿಗೊಂದು ಮಾತು. ಕಳೆ ತೆಗೆಯುವಾಗ ಸಾಲು ಸಾಲಿನಲ್ಲಿ ಬೆಳೆ ಕಾಣುವವರು ನೀವು. ಸೀರೆಯ ಅಂಚಿಗೆ ಕಿತ್ತಳೆ ಪುಡಿ ಹತ್ತಿದ್ದು ಮೊದಲು ಕಾಣುವುದು ನಿಮ್ಮ ಕಣ್ಣಿಗೇ. ಕಂಡ ಕೂಡಲೇ ಮನೆಯಲ್ಲಿ ಹೇಳಿರಿ. ಅದು ಒಲೆಯ ಬಾಯಿಯಷ್ಟೇ ಇರಬಹುದು, ಇನ್ನೂ ಕಡಿಮೆ ಇರಬಹುದು. ಕೂಗೆಬ್ಬಿಸಲು ಅಷ್ಟು ಸಾಕು.

ಶಿದ್ದಾಫೋನ್ ಎಂಬ ಮಾತು ನಮಗೆ ಬೆಳೆ ಹೇಗೆ ಕಂಡಿತು ಎಂಬುದನ್ನು ಹೇಳುತ್ತದೆ; ಏಕೆ ಹಾಗಾಯಿತು ಎಂಬುದನ್ನು ಹೇಳುವುದಿಲ್ಲ. ನಮ್ಮ ಬೆಂಕಿ, ಭಂಡಾರ, ಕಾಡಿಗೆಗಳೂ ಹಾಗೆಯೇ. ಇಂದಿನ ಹೀಬ್ರೂ ಮಾತಾಡುವವರು ಹೊಸ ರೋಗಗಳಿಗೆ ಹೆಸರು ಕಟ್ಟುವಾಗ ಈ ಹಳೆಯ ಮಾತುಗಳ ಅಚ್ಚಿನಲ್ಲೇ ಕಟ್ಟಿದ್ದಾರೆ. ಬೂದಿ ರೋಗಕ್ಕೆ ಹಿಟ್ಟಿನಿಂದ ಕಿಮ್ಹೋನ್, ಕಾಡಿಗೆ ರೋಗಕ್ಕೆ ಇದ್ದಿಲಿನಿಂದ ಪಿಹಮೋನ್. ಹೆಸರಿಡುವ ರೂಢಿ ಎಲ್ಲ ನಾಡಿನಲ್ಲೂ ಒಂದೇ. ಹೆಸರು ಇಟ್ಟ ಮೇಲೆ ಅರಿವೆಯಿಂದ ಒರೆಸಿ ನೋಡುವುದು, ಕಾರಣ ಕೇಳುವುದು, ನೆರೆಯವರಿಗೆ ತಿಳಿಸುವುದು ಇಷ್ಟು ನಮ್ಮ ಕೈಯಲ್ಲಿದೆ. ಈ ಹಿಂಗಾರಿಯಲ್ಲಿ ನಿಮ್ಮ ಗೋಧಿಯ ತೆನೆ ತುಂಬಲಿ, ರಾಶಿ ಅಳತೆಗೆ ಸರಿಯಾಗಿ ಬರಲಿ.